ಮೂರು ತಿಂಗಳ ಕಾರ್ಡು: ಇನ್ಸುಲಿನ್ ತೆಗೆದುಕೊಳ್ಳುವ ಲಾರಿ ಡ್ರೈವರ್ ಒಬ್ಬರ ಮೆಡಿಕಲ್ ಪರೀಕ್ಷೆ

2025ರ ಜುಲೈ 4ರ ರಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಭಾವ ಒಳಗಿಂದ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಒಂದು ಕಡೆ ತಾರೀಖು, ಇನ್ನೊಂದು ಕಡೆ ಬೆಳಗಿನ ಶುಗರ್, ಅದರ ಪಕ್ಕ ರಾತ್ರಿಯದು. 23 ದಿನದ ಲೆಕ್ಕ, ಒಂದು ದಿನವೂ ಬಿಟ್ಟಿರಲಿಲ್ಲ.

"ಎಲ್ಲಾ ಬರೆದಿಟ್ಟಿದ್ದೀನಿ ನೋಡಮ್ಮಾ. ಇಷ್ಟು ಸಾಕಲ್ವಾ?"

ಸಾಕಾಗಲ್ಲ ಅಂತ ಹೇಳೋದು ನನಗೆ ಕಷ್ಟವಾಯಿತು. ಅಷ್ಟು ಶ್ರದ್ಧೆಯಿಂದ ಬರೆದಿದ್ದರು. ಆದರೆ ಅವರಿಗೆ ಬೇಕಿದ್ದ ಪರೀಕ್ಷೆಗೆ ಕೈಬರಹದ ಲೆಕ್ಕ ನಡೆಯುವುದಿಲ್ಲ.

ಭಾವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡ ಅಂದರು. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಲಾರಿ ಡ್ರೈವರ್‌ಗಳ ಪರೀಕ್ಷೆ ಮಾಡುವವಳಲ್ಲ. ಆದರೆ ಜುಲೈನಿಂದ ಅಕ್ಟೋಬರ್‌ವರೆಗೆ ಈ ಒಂದು ಪರೀಕ್ಷೆಯ ಹಿಂದೆ ಅವರ ಜೊತೆ ಓಡಾಡಿದೆ. ಆಗ ನನಗೆ ಮನದಟ್ಟಾದದ್ದು ಇಷ್ಟು: ಈ ಪರೀಕ್ಷೆಯಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಕಾಯಿಲೆಯಿಂದ ಅನ್ನುವುದಕ್ಕಿಂತ, ಸರಿಯಾದ ಕಾಗದ ಸರಿಯಾದ ದಿನಕ್ಕೆ ಕೈಯಲ್ಲಿ ಇಲ್ಲದೆ.

ಭಾವನ ಪರಿಸ್ಥಿತಿ

ವಯಸ್ಸು 54. ಇರೋದು ಕ್ಯಾಲಿಫೋರ್ನಿಯಾದಲ್ಲಿ. 11 ವರ್ಷದಿಂದ ಹದಿನೆಂಟು ಚಕ್ರದ ಲಾರಿ ಓಡಿಸುತ್ತಾರೆ. ಐ-5 ಹೆದ್ದಾರಿಯಲ್ಲಿ ಗ್ರೇಪ್‌ವೈನ್ ಘಟ್ಟ ಹತ್ತಿ ಇಳಿದು ಲಾಸ್ ಏಂಜಲೀಸ್, ಇಲ್ಲವೇ ಐ-80ರಲ್ಲಿ ಡಾನರ್ ಕಣಿವೆ ದಾಟಿ ರೀನೋ. ವಾರಕ್ಕೆ ನಾಲ್ಕು ರಾತ್ರಿ ಲಾರಿಯಲ್ಲೇ ಮಲಗುತ್ತಾರೆ.

ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮೆಟ್‌ಫಾರ್ಮಿನ್ ಮತ್ತು ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರು. ಜೂನ್‌ನಲ್ಲಿ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ, 9.4 ಬಂತು. ಮಾತ್ರೆ ಮಾತ್ರ ಸಾಲದು, ರಾತ್ರಿ ಒಂದು ಇನ್ಸುಲಿನ್ ಬೇಕು ಅಂದರು ಡಾಕ್ಟರು. ಜೂನ್ 12ರಂದು ಶುರುವಾಯಿತು. ಅದೇ ದಿನ ಇನ್ನೊಂದು ಮಾತೂ ಹೇಳಿದ್ದರು: ಹೊಸದಾಗಿ ಮೆಡಿಕಲ್ ಪರೀಕ್ಷೆ ಆಗುವವರೆಗೆ ಲಾರಿ ಓಡಿಸಬೇಡಿ.

ಆಗ ಅವರ ಹಳೆಯ ಮೆಡಿಕಲ್ ಕಾರ್ಡಿಗೆ, ಅಂದರೆ ಲಾರಿ ಓಡಿಸಲು ಆರೋಗ್ಯ ಸರಿಯಿದೆ ಅಂತ ಪರೀಕ್ಷಕರು ಕೊಡುವ ಪತ್ರಕ್ಕೆ, ಇನ್ನೂ ಅವಧಿ ಇತ್ತು. "ಕಾರ್ಡ್ ಇದೆಯಲ್ಲ, ಮತ್ಯಾಕೆ?" ಅಂತ ಅಕ್ಕ ಕೇಳಿದ್ದಳಂತೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇನ್ಸುಲಿನ್ ಶುರುವಾದ ದಿನದಿಂದ ನಿಯಮದ ಲೆಕ್ಕದಲ್ಲಿ ಅವರ ಸ್ಥಿತಿ ಬದಲಾಯಿತು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಂತಲೇ ಇರುವ ಶರತ್ತುಗಳನ್ನು ಪೂರೈಸಿದರೆ ಮಾತ್ರ ಅವರು ಅರ್ಹರು. ಹಳೆ ಕಾರ್ಡ್ ತೋರಿಸಿ ಓಡಿಸುವ ಹಾಗಿಲ್ಲ. ಹೀಗಾಗಿ ಐದು ವಾರ ಲಾರಿ ಮುಟ್ಟಲಿಲ್ಲ, ಐದು ವಾರ ಸಂಬಳವೂ ಇಲ್ಲ.

ಲಾರಿ ನಿಲ್ಲಿಸುವ ಜಾಗದಲ್ಲಿ ಸಿಕ್ಕಿದ ಸಲಹೆ

ಆ ಐದು ವಾರದಲ್ಲಿ ಗೆಳೆಯರಿಂದ ಬಂದ ಫೋನುಗಳಲ್ಲಿ ಎರಡೇ ಮಾತು. ಒಂದು, "ಇನ್ಸುಲಿನ್ ಅಂದ್ರೆ ಕೆಲಸ ಹೋಯ್ತು ಅಂತಲೇ ಲೆಕ್ಕ." ಇನ್ನೊಂದು, "ಹೇಳಬೇಡ. ಪರೀಕ್ಷೆಗೆ ಮುಂಚೆ ಒಂದು ತಿಂಗಳು ಬಿಡು, ಆಮೇಲೆ ಮತ್ತೆ ತಗೋ."

ಮೊದಲನೇ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಅದೇ ನಿಜ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಓಡಾಡುವ ವಾಣಿಜ್ಯ ವಾಹನಗಳ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಂಸಿಎಸ್‌ಎ. ಇನ್ಸುಲಿನ್ ತೆಗೆದುಕೊಳ್ಳುವವರು ಹಿಂದೆ ಅಲ್ಲಿಂದ ವಿಶೇಷ ವಿನಾಯಿತಿ ತರಬೇಕಿತ್ತು, ಇಲ್ಲದಿದ್ದರೆ ಓಡಿಸುವ ಹಾಗೇ ಇರಲಿಲ್ಲ. 2018ರ ನವೆಂಬರ್ 19ರಿಂದ ಅದು ಬದಲಾಗಿದೆ. ಈಗ ಚಿಕಿತ್ಸೆ ಕೊಡುವ ಡಾಕ್ಟರು ಒಂದು ಫಾರ್ಮ್ ತುಂಬಿ, ಈ ವ್ಯಕ್ತಿಯ ಇನ್ಸುಲಿನ್ ಪ್ರಮಾಣ ಒಂದು ಹದಕ್ಕೆ ಬಂದಿದೆ, ಸಕ್ಕರೆ ಹತೋಟಿಯಲ್ಲಿದೆ ಅಂತ ಸಹಿ ಮಾಡಬೇಕು. ಅದನ್ನು ನೋಡಿ, ತಾವೂ ಪರೀಕ್ಷೆ ಮಾಡಿ, ಪರೀಕ್ಷಕರು ಕಾರ್ಡ್ ಕೊಡಬಹುದು. ಗರಿಷ್ಠ 12 ತಿಂಗಳಿಗೆ. ಬೇರೆಯವರಿಗೆ ಎರಡು ವರ್ಷದವರೆಗೆ ಸಿಗುತ್ತದೆ, ಇವರಿಗೆ ಒಂದೇ ವರ್ಷ.

ಎರಡನೇ ಮಾತು ನನಗೆ ನಿಜಕ್ಕೂ ಭಯ ಹುಟ್ಟಿಸಿತು. ಎಚ್‌ಬಿಎ1ಸಿ 9.4 ಇರುವ ಮನುಷ್ಯ ಇನ್ಸುಲಿನ್ ಬಿಟ್ಟು 36 ಟನ್ ತೂಕದ ಗಾಡಿಯನ್ನು ಘಟ್ಟ ಇಳಿಸುವುದನ್ನು ಯೋಚಿಸಿ ನೋಡಿ. ಅದು ಒತ್ತಟ್ಟಿಗಿರಲಿ, ಪರೀಕ್ಷೆಯ ದಿನ ತುಂಬುವ ಫಾರ್ಮಿನ ಮೊದಲ ಭಾಗ ಡ್ರೈವರ್‌ದೇ. 30ಕ್ಕೂ ಹೆಚ್ಚು ಹೌದು-ಇಲ್ಲ ಪ್ರಶ್ನೆಗಳು. ಸಕ್ಕರೆ ಕಾಯಿಲೆ ಇದೆಯಾ ಅನ್ನುವ ಸಾಲಿನಲ್ಲೇ ಇನ್ಸುಲಿನ್ ಬಳಸುತ್ತೀರಾ ಅಂತಲೂ ಕೇಳುತ್ತಾರೆ. ಕೆಳಗೆ ಸಹಿ ಮಾಡಬೇಕು. ಸುಳ್ಳು ಹೇಳಿದರೆ, ಮುಚ್ಚಿಟ್ಟರೆ ಆ ಕಾರ್ಡೇ ಅಸಿಂಧುವಾಗಬಹುದು, ದಂಡವೂ ಬೀಳಬಹುದು. ನಾಳೆ ಅಪಘಾತವಾದರೆ ಔಷಧಿ ಅಂಗಡಿಯ ದಾಖಲೆಯಲ್ಲಿ ಇನ್ಸುಲಿನ್ ಕೊಂಡದ್ದು ಇದ್ದೇ ಇರುತ್ತದೆ.

ನಾನು ಇಷ್ಟನ್ನೂ ಹೇಳಿದೆ. ಭಾವ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುಚ್ಚಿಡೋ ಮನಸ್ಸು ನಂಗೂ ಇಲ್ಲಮ್ಮಾ. ದಾರಿ ಇದೆ ಅಂತ ಗೊತ್ತಿರಲಿಲ್ಲ ಅಷ್ಟೇ" ಅಂದರು.

ಮೀಟರ್‌ನಲ್ಲಿದ್ದ ತಾರೀಖು

ಎಂಸಿಎಸ್‌ಎ-5870. ಇನ್ಸುಲಿನ್ ತೆಗೆದುಕೊಳ್ಳುವ ಡ್ರೈವರ್ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಚಿಕಿತ್ಸೆ ಕೊಡುವ ಡಾಕ್ಟರು ತುಂಬುವ ಫಾರ್ಮ್ ಇದೇ. ಅವರು ಸಹಿ ಹಾಕಿದ ದಿನದಿಂದ 45 ದಿನದೊಳಗೆ ಪರೀಕ್ಷೆ ನಡೆಯಬೇಕು.

ಸಹಿ ಹಾಕುವ ಮುಂಚೆ ಡಾಕ್ಟರು ಡ್ರೈವರ್‌ನ ಕನಿಷ್ಠ ಹಿಂದಿನ ಮೂರು ತಿಂಗಳ ಶುಗರ್ ದಾಖಲೆ ನೋಡಬೇಕು. ಅದೂ ಮೀಟರ್‌ನಲ್ಲೇ ಉಳಿದಿರುವ ದಾಖಲೆ. ಮೀಟರ್ ಎಲ್ಲ ರೀಡಿಂಗ್‌ಗಳನ್ನೂ ತಾರೀಖು, ಸಮಯದ ಸಮೇತ ಇಟ್ಟುಕೊಂಡಿರಬೇಕು. ಅದನ್ನು ಕಂಪ್ಯೂಟರ್‌ಗೋ ಫೋನ್‌ಗೋ ಇಳಿಸಿಕೊಳ್ಳುವಂತಿರಬೇಕು. ಅದಕ್ಕೇ ಆ ಚಂದದ ನೋಟ್‌ಬುಕ್ ಕೆಲಸಕ್ಕೆ ಬರಲಿಲ್ಲ.

"ಮೀಟರ್ ತನ್ನಿ ಭಾವ, ನೋಡೋಣ" ಅಂದೆ. ಊರಿಗೆ ಹೋದಾಗ ಯಾರೋ ಕೊಟ್ಟಿದ್ದ ಹಳೆಯ ಮೀಟರ್. ಬೆರಳು ಚುಚ್ಚಿ ಒಂದು ಹನಿ ಹಾಕಿದರು. 171 ಅಂತ ತೋರಿಸಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಾರೀಖು: ಜನವರಿ 19. ನಾವು ಇದ್ದದ್ದು ಜುಲೈನಲ್ಲಿ. ಯಾವಾಗಲೋ ಬ್ಯಾಟರಿ ಬದಲಿಸಿದಾಗ ಗಡಿಯಾರ ಜನವರಿ 1ಕ್ಕೆ ಹೋಗಿ ಅಲ್ಲಿಂದ ಓಡಲು ಶುರುಮಾಡಿದೆ, ಯಾರೂ ಸರಿ ಮಾಡಿಲ್ಲ. ಹಿಂದಕ್ಕೆ ಒತ್ತಿ ನೋಡಿದರೆ ಎಲ್ಲ ರೀಡಿಂಗೂ ಜನವರಿಯದ್ದೇ. ಕಂಪ್ಯೂಟರ್‌ಗೆ ಜೋಡಿಸುವ ವ್ಯವಸ್ಥೆಯೂ ಅದಕ್ಕಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ, ಜುಲೈ 5ರಂದು, ಬ್ಲೂಟೂತ್ ಇರುವ ಹೊಸ ಮೀಟರ್ ತಂದೆವು. ಫೋನ್‌ಗೆ ಜೋಡಿಸಿ ತಾರೀಖು, ಗಂಟೆ ಎರಡನ್ನೂ ನೋಡಿದೆವು. ಮೂರು ತಿಂಗಳ ಲೆಕ್ಕ ನಿಜವಾಗಿ ಶುರುವಾದದ್ದು ಅಂದಿನಿಂದ. ಇದನ್ನು ಆ ದಿನ ನೋಡದೆ ಹೋಗಿದ್ದರೆ ಮೂರು ತಿಂಗಳು ಕಳೆದ ಮೇಲೂ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಮೂರು ತಿಂಗಳ ದಾಖಲೆ ಇನ್ನೂ ಇಲ್ಲದವರಿಗೆ ನಿಯಮದಲ್ಲೇ ಒಂದು ದಾರಿ ಇದೆ. ಉಳಿದದ್ದೆಲ್ಲ ಸರಿ ಇದ್ದರೆ ಪರೀಕ್ಷಕರು ಗರಿಷ್ಠ ಮೂರು ತಿಂಗಳಿಗೆ ಕಾರ್ಡ್ ಕೊಡಬಹುದು, ಆ ಹೊತ್ತಿಗೆ ದಾಖಲೆ ಕೂಡಿಸಿಕೊಂಡು ಬರಬೇಕು. ಜುಲೈ 10ರಂದು ಡಾಕ್ಟರು ಫಾರ್ಮಿಗೆ ಸಹಿ ಹಾಕಿದರು. ಜುಲೈ 17ರಂದು ಭಾವ ಪರೀಕ್ಷೆಗೆ ಹೋದರು. ಅಕ್ಟೋಬರ್ 17ರವರೆಗೆ ಕಾರ್ಡ್ ಸಿಕ್ಕಿತು. ಐದು ವಾರದ ಮೇಲೆ ಮತ್ತೆ ಲಾರಿ ಹತ್ತಿದರು.

ಪರೀಕ್ಷೆಯನ್ನು ಯಾವ ಡಾಕ್ಟರ ಹತ್ತಿರ ಬೇಕಾದರೂ ಮಾಡಿಸುವ ಹಾಗಿಲ್ಲ. 2014ರ ಮೇ 21ರಿಂದ ಕೇಂದ್ರದ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿರುವ ಪರೀಕ್ಷಕರೇ ಮಾಡಬೇಕು. ಭಾವನ ಖಾಯಂ ಡಾಕ್ಟರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕೊನೆಯವರೆಗೂ ನಮಗೆ ಎರಡು ಕಡೆ ಓಡಾಟ.

ಬಿಪಿ, ಬೆನ್ನುನೋವು ಮತ್ತು ನೀರಿನ ಮಾತ್ರೆ

ಜುಲೈ 17ರ ಪರೀಕ್ಷೆಯಲ್ಲಿ ಬಿಪಿ 156/94 ಬಂದಿತ್ತು. ಎರಡನೇ ಸಲ 152/92. ಪರೀಕ್ಷಕರು ಅನುಸರಿಸುವ ಮಾರ್ಗಸೂಚಿಯಲ್ಲಿ 140/90ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ. 140ರಿಂದ 159, ಅಥವಾ ಕೆಳಗಿನ ಸಂಖ್ಯೆ 90ರಿಂದ 99 ಇದ್ದರೆ ಮೊದಲನೇ ಹಂತ. 160/100 ಮುಟ್ಟಿದರೆ ಒಂದು ಸಲಕ್ಕೆ ಮಾತ್ರ ಮೂರು ತಿಂಗಳು. 180/110 ಮುಟ್ಟಿದರೆ ಇಳಿಯುವ ತನಕ ಕಾರ್ಡೇ ಇಲ್ಲ. "ಮುಂದಿನ ಸಲ ಬರುವಾಗ 140/90ರೊಳಗೆ ತಂದುಕೊಂಡು ಬನ್ನಿ" ಅಂದಿದ್ದರು.

ಭಾವ ಬಿಪಿಗೆ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ಲಿಸಿನೋಪ್ರಿಲ್, ಇನ್ನೊಂದು ಹೈಡ್ರೋಕ್ಲೋರೋಥಯಾಜೈಡ್, ಅಂದರೆ ನೀರಿನ ಮಾತ್ರೆ. ಎರಡು ಮಾತ್ರೆ ತೆಗೆದುಕೊಂಡೂ ಯಾಕೆ ಇಳಿಯುತ್ತಿಲ್ಲ? ಸೀಸೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಲಿಸಿನೋಪ್ರಿಲ್ ಸೀಸೆ ಬಹುತೇಕ ಖಾಲಿ. ಅದರ ಜೊತೆಗೇ ತಂದಿದ್ದ ನೀರಿನ ಮಾತ್ರೆಯ ಸೀಸೆ ಅರ್ಧಕ್ಕಿಂತ ಜಾಸ್ತಿ ತುಂಬಿದೆ.

ಕೇಳಿದ ಮೇಲೆ ತಡೆದು ತಡೆದು ಹೇಳಿದರು. ಲಾರಿ ಓಡಿಸುವ ದಿನ ನೀರಿನ ಮಾತ್ರೆ ತೆಗೆದುಕೊಂಡರೆ ಮುಕ್ಕಾಲು ಗಂಟೆಗೊಮ್ಮೆ ಇಳಿಯಬೇಕು. 70 ಅಡಿ ಉದ್ದದ ಗಾಡಿಯನ್ನು ಎಲ್ಲೆಂದರಲ್ಲಿ ನಿಲ್ಲಿಸೋಕಾಗಲ್ಲ. ಹಾಗಾಗಿ ಮನೆಯಲ್ಲಿದ್ದ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದರು. ವಾರಕ್ಕೆ ಎರಡು ದಿನ.

ನಮ್ಮ ಅಂಗಡಿಗೆ ಬರುವ ಎಷ್ಟೋ ಡ್ರೈವರ್‌ಗಳು ಹೀಗೇ ಮಾಡುತ್ತಾರೆ. ಡಾಕ್ಟರ ಹತ್ತಿರ ಹೇಳಲು ಸಂಕೋಚ. ಡಾಕ್ಟರು ಮಾತ್ರೆ ಸಾಲದು ಅಂದುಕೊಂಡು ಇನ್ನೊಂದು ಸೇರಿಸುತ್ತಾರೆ. ಭಾವ ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರು ನೀರಿನ ಮಾತ್ರೆ ತೆಗೆದು ಅದರ ಬದಲು ಅಮ್ಲೊಡಿಪಿನ್ ಕೊಟ್ಟರು. ಎರಡು ನಿಮಿಷದ ಮಾತು. ವರ್ಷಗಟ್ಟಲೆ ಆಗದೆ ಇದ್ದದ್ದು ಅಷ್ಟರಲ್ಲಿ ಮುಗಿಯಿತು.

ಮೇಜಿನ ಮೇಲೆ ಇನ್ನೂ ಒಂದು ದೊಡ್ಡ ಡಬ್ಬ ಇತ್ತು. ಐಬುಪ್ರೊಫೆನ್, ಬೆನ್ನುನೋವಿಗೆ. ದಿನಕ್ಕೆ ಮೂರೋ ನಾಲ್ಕೋ. ಅದು ಚೀಟಿ ಇಲ್ಲದೆ ಸಿಗುವ ಮಾತ್ರೆ ಆದ್ದರಿಂದ ಭಾವನ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಆದರೆ ಐಬುಪ್ರೊಫೆನ್ ಬಿಪಿ ಏರಿಸುತ್ತದೆ. ಲಿಸಿನೋಪ್ರಿಲ್ ತರಹದ ಮಾತ್ರೆ, ನೀರಿನ ಮಾತ್ರೆ, ಇದು, ಮೂರೂ ಸೇರಿದರೆ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಡಾಕ್ಟರನ್ನು ಕೇಳಿ ಬೇರೆ ನೋವಿನ ಮಾತ್ರೆಗೆ ಬದಲಿಸಿದೆವು, ಸೀಟಿನ ಬೆನ್ನಿಗೆ ದಿಂಬು ಹಾಕಿಸಿದೆವು. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸೂಡೊಎಫೆಡ್ರಿನ್ ಇರುವ ಶೀತದ ಮಾತ್ರೆಯನ್ನೂ ಪರೀಕ್ಷೆ ಮುಗಿಯುವ ತನಕ ದೂರ ಇಡಲು ಹೇಳಿದೆ.

ಮನೆಯ ಬಿಪಿ ಮೆಷಿನ್ ಬೇರೆ ಒಂದು ತೊಂದರೆ ಕೊಡುತ್ತಿತ್ತು. ಭಾವನ ತೋಳು ದಪ್ಪ. ಮೆಷಿನ್ ಜೊತೆ ಬಂದ, ತೋಳಿಗೆ ಸುತ್ತುವ ಪಟ್ಟಿ ಸಣ್ಣದು. ಪಟ್ಟಿ ಬಿಗಿಯಾದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ತಂದ ಮೇಲೆ ಅದೇ ತೋಳು, ಅದೇ ದಿನ, 8 ಅಂಶ ಕಡಿಮೆ ಬಂತು. ಕ್ಲಿನಿಕ್‌ನಲ್ಲೂ "ದೊಡ್ಡ ಪಟ್ಟಿ ಹಾಕಿ" ಅಂತ ಕೇಳೋದು ತಪ್ಪಲ್ಲ, ಕೇಳಿ ಅಂದೆ.

ಗೊರಕೆ

ಜುಲೈನಲ್ಲಿ ಪರೀಕ್ಷಕರು ಟೇಪ್ ಹಿಡಿದು ಕುತ್ತಿಗೆ ಅಳೆದಿದ್ದರು. ಭಾವನಿಗೆ ಅದು ಯಾಕೆ ಅಂತಲೇ ಗೊತ್ತಾಗಿರಲಿಲ್ಲ. ದಪ್ಪ ಕುತ್ತಿಗೆ, ಮೈತೂಕ, ಬಿಪಿ, ಜೋರು ಗೊರಕೆ ಇವೆಲ್ಲ ಒಟ್ಟಿಗೆ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಅಂದರೆ ಸ್ಲೀಪ್ ಆಪ್ನಿಯಾ ಇರಬಹುದು ಅಂತ ಅನುಮಾನ ಬರುತ್ತದೆ. ಲಾರಿ ಡ್ರೈವರ್‌ಗಳಿಗೆ ಅಂತ ಇದಕ್ಕೆ ಪ್ರತ್ಯೇಕ ಕೇಂದ್ರ ನಿಯಮ ಇಲ್ಲ. ಟೆಸ್ಟ್ ಮಾಡಿಸಿಕೊಂಡು ಬನ್ನಿ ಅನ್ನುವುದು ಪರೀಕ್ಷಕರ ವಿವೇಚನೆಗೆ ಬಿಟ್ಟದ್ದು. ಇವರು ಮಾಡಿಸಿ ಅಂದರು.

ಮನೆಯಲ್ಲೇ ಮಾಡುವ ಟೆಸ್ಟ್. ಬೆರಳಿಗೊಂದು ಕ್ಲಿಪ್, ಎದೆಗೊಂದು ಪಟ್ಟಿ, ಮೂಗಿನ ಹತ್ತಿರ ಒಂದು ನಳಿಕೆ. ಗಂಟೆಗೆ 22 ಸಲ ಉಸಿರು ನಿಲ್ಲುತ್ತಿದೆ ಅಥವಾ ತೀರಾ ಕಡಿಮೆಯಾಗುತ್ತಿದೆ ಅಂತ ವರದಿ ಬಂತು. "ಇಷ್ಟು ವರ್ಷ ನಾನು ಗೊರಕೆಗೆ ಬೈತಾ ಇದ್ದೆ ಕಣೇ" ಅಂತ ಅಕ್ಕ ಆ ರಾತ್ರಿ ಫೋನ್ ಮಾಡಿ ಅತ್ತಳು.

ಆಗಸ್ಟ್ 11ರಿಂದ ಸಿಪ್ಯಾಪ್, ಅಂದರೆ ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತುವ ಮೆಷಿನ್ ಶುರುವಾಯಿತು. ಮೊದಲ ಎರಡು ವಾರ ಸೋತೇ ಬಿಟ್ಟಿದ್ದರು. ಮೂಗಿನ ಮೇಲೆ ಕೂರುವ ಮಾಸ್ಕ್ ಅವರ ಮೀಸೆಯ ಮೇಲೆ ಸರಿಯಾಗಿ ಕೂರದೆ ಗಾಳಿ ಸೋರುತ್ತಿತ್ತು. ಸೋರಿದ ಗಾಳಿ ಕಣ್ಣಿಗೆ ಹೊಡೆದು ಎಚ್ಚರವಾಗುತ್ತಿತ್ತು. ಮೀಸೆ ತೆಗೆಯಲು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಸಿಗುತ್ತದೆ, ಅದು ಮೀಸೆಗೆ ಅಷ್ಟಾಗಿ ತಾಕುವುದಿಲ್ಲ. ಅದು ಬಂದ ಮೇಲೆ ಸರಿಹೋಯಿತು. ಲಾರಿಯೊಳಗೆ ಮೆಷಿನ್ ಓಡಿಸಲು ಇನ್ವರ್ಟರ್ ಹಾಕಿಸಿಕೊಂಡರು.

ಮೆಷಿನ್ ಬಳಕೆಯ ವರದಿ ತರಬೇಕು. ಸಾಮಾನ್ಯವಾಗಿ ನೋಡುವುದು ಶೇಕಡ 70ರಷ್ಟು ರಾತ್ರಿಗಳಲ್ಲಿ ಕನಿಷ್ಠ 4 ಗಂಟೆ ಬಳಸಿದ್ದಾರಾ ಅಂತ. ಭಾವನದು ಅಕ್ಟೋಬರ್ ಹೊತ್ತಿಗೆ ಶೇಕಡ 81 ಆಗಿತ್ತು. ಅವರೇ ಹೇಳಿದ ಇನ್ನೊಂದು ವಿಷಯ ನನಗೆ ಜಾಸ್ತಿ ಖುಷಿ ಕೊಟ್ಟಿತು: ಮಧ್ಯಾಹ್ನ ಮೂರು ಗಂಟೆಗೆ ಐ-5ರ ನೆಟ್ಟಗಿನ ರಸ್ತೆಯಲ್ಲಿ ಕಣ್ಣು ಎಳೆಯುತ್ತಿದ್ದದ್ದು ನಿಂತಿದೆ.

ಕಣ್ಣು

ಸಾಮಾನ್ಯವಾಗಿ ಪ್ರತಿ ಕಣ್ಣಿಗೂ 20/40 ದೃಷ್ಟಿ ಬೇಕು, ಕನ್ನಡಕ ಹಾಕಿಕೊಂಡಾದರೂ ಸರಿ. ಪಕ್ಕಕ್ಕೆ 70 ಡಿಗ್ರಿ ಕಾಣಬೇಕು. ಕೆಂಪು, ಹಸಿರು, ಹಳದಿ ಗುರುತಿಸಬೇಕು. ಭಾವನಿಗೆ ಇದರಲ್ಲಿ ತೊಂದರೆ ಇರಲಿಲ್ಲ. ಚಿಂತೆ ಇದ್ದದ್ದು ಕಣ್ಣಿನ ಹಿಂಪರದೆಯ ಬಗ್ಗೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕಾಯಿಲೆಯಿಂದ ಹಿಂಪರದೆಗೆ ತೀವ್ರ ಹಾನಿಯಾಗಿದ್ದರೆ, ಅಥವಾ ಅಲ್ಲಿ ಹೊಸ ರಕ್ತನಾಳ ಬೆಳೆಯುವ ಹಂತಕ್ಕೆ ಹೋಗಿದ್ದರೆ, ಶಾಶ್ವತವಾಗಿ ಅನರ್ಹ. ಭಾವನಿಗೆ ಆರಂಭದ ಸಣ್ಣ ಬದಲಾವಣೆ ಮಾತ್ರ ಇತ್ತು. ಅಕ್ಕ ಆ ವರದಿ ನೋಡಿ ದೇವರ ಮುಂದೆ ದೀಪ ಹಚ್ಚಿದಳು.

ಆ ಪರೀಕ್ಷೆಗೆ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆ. ಕೆಲವು ಗಂಟೆ ಎಲ್ಲ ಮಸುಕು, ಬೆಳಕು ತಡೆಯೋಕಾಗಲ್ಲ. ಮೆಡಿಕಲ್ ಪರೀಕ್ಷೆಯ ದಿನವೇ ಇದನ್ನೂ ಇಟ್ಟುಕೊಳ್ಳಬೇಡಿ. ನಾವು ಸೆಪ್ಟೆಂಬರ್‌ನಲ್ಲೇ ಮುಗಿಸಿದ್ದೆವು.

ಕೊನೆಯ ಹತ್ತು ದಿನ

ಇಲ್ಲಿ ನನ್ನಿಂದ ಒಂದು ತಪ್ಪಾಯಿತು.

ಅಕ್ಟೋಬರ್ 5ಕ್ಕೆ ಮೀಟರ್‌ನಲ್ಲಿ ಮೂರು ತಿಂಗಳು ತುಂಬುತ್ತದೆ. ಕಾರ್ಡ್ ಮುಗಿಯುವುದು 17ಕ್ಕೆ. ಮಧ್ಯೆ ಇರುವುದು 12 ದಿನ. ಅದಕ್ಕೇ ಜುಲೈನಲ್ಲೇ ಡಾಕ್ಟರ ಹತ್ತಿರ ಅಕ್ಟೋಬರ್ 9ಕ್ಕೆ, ಪರೀಕ್ಷಕರ ಹತ್ತಿರ 10ಕ್ಕೆ ಸಮಯ ತೆಗೆದುಕೊಂಡಿದ್ದೆವು. ಎಲ್ಲ ಸರಿಯಾಗಿದೆ ಅಂದುಕೊಂಡೆ.

9ನೇ ತಾರೀಖು, ಗುರುವಾರ. ಡಾಕ್ಟರು ಫೋನಿನ ವರದಿ ನೋಡಿದರು, 90 ದಿನದ್ದೂ ಇದೆ. ಬಿಪಿ ನೋಡಿದರು, ಸರಿ ಇದೆ. ಫಾರ್ಮ್ ತುಂಬುತ್ತಾ ಬಂದವರು ಒಂದು ಕಡೆ ಪೆನ್ನು ನಿಲ್ಲಿಸಿದರು. ಎಚ್‌ಬಿಎ1ಸಿ ಕಾಲಂ. ಇತ್ತೀಚಿನದು ಹಿಂದಿನ ಮೂರು ತಿಂಗಳೊಳಗೆ ಮಾಡಿದ್ದಾ ಅಂತ ಕೇಳುತ್ತದೆ, ಆ ವರದಿಯನ್ನು ಲಗತ್ತಿಸಲೂ ಹೇಳುತ್ತದೆ. ನಮ್ಮ ಹತ್ತಿರ ಇದ್ದದ್ದು ಜೂನ್‌ನದು. ನಾಲ್ಕು ತಿಂಗಳು ಆಗಿತ್ತು.

ಆ ಫಾರ್ಮನ್ನು ನಾನು ಹತ್ತು ಸಲವಾದರೂ ಓದಿದ್ದೆ. ಮೀಟರ್, ಮೀಟರ್ ಅಂತ ಅದರ ಹಿಂದೆಯೇ ಬಿದ್ದು, ರಕ್ತ ಪರೀಕ್ಷೆ ಹಳೆಯದಾಯಿತು ಅನ್ನುವುದು ತಲೆಗೆ ಬರಲೇ ಇಲ್ಲ. ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದೇ ರಕ್ತ ಕೊಟ್ಟರು. ಮಾರನೇ ದಿನದ ಪರೀಕ್ಷೆಯನ್ನು ಮುಂದೆ ಹಾಕಿಸಿದೆವು. ಶುಕ್ರವಾರ ಸಂಜೆ ವರದಿ ಬಂತು, 7.6. ಅಷ್ಟರಲ್ಲಿ ಡಾಕ್ಟರು ಮನೆಗೆ ಹೋಗಿದ್ದರು. ಶನಿವಾರ, ಭಾನುವಾರ ರಜೆ. ಸೋಮವಾರ 13, ಕೊಲಂಬಸ್ ದಿನ, ಆ ಕಚೇರಿಗೆ ಅಂದೂ ರಜೆ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಭಾವ ಅಲ್ಲಿ ನಿಂತಿದ್ದರು. ಸಹಿ ಆಯಿತು. ಪರೀಕ್ಷೆ ಬುಧವಾರ, 15ಕ್ಕೆ ಸಿಕ್ಕಿತು. ಕಾರ್ಡಿಗೆ ಎರಡೇ ದಿನ ಬಾಕಿ.

ಎಚ್‌ಬಿಎ1ಸಿ ಇಷ್ಟೇ ಇರಬೇಕು ಅಂತ ನಿಯಮದಲ್ಲಿ ಗೆರೆ ಎಳೆದಿಲ್ಲ. ಆದರೆ ಪರೀಕ್ಷೆ ಇತ್ತೀಚಿನದಾ ಅಂತ ಫಾರ್ಮ್ ಕೇಳುತ್ತದೆ. ಸಹಿಗೆ ಎರಡು ವಾರ ಮುಂಚೆ ರಕ್ತ ಕೊಟ್ಟರೆ ಈ ಓಟ ತಪ್ಪುತ್ತದೆ.

ಪರೀಕ್ಷೆಯ ದಿನ

ಹಿಂದಿನ ರಾತ್ರಿ ಒಂದು ಪ್ಲಾಸ್ಟಿಕ್ ಫೈಲ್ ಮಾಡಿದೆವು. ಸಹಿಯಾದ 5870, ಎಚ್‌ಬಿಎ1ಸಿ ವರದಿ, ಕಣ್ಣಿನ ವರದಿ, ಸಿಪ್ಯಾಪ್ ಬಳಕೆಯ ವರದಿ, ಮನೆಯ ಬಿಪಿ ರೀಡಿಂಗ್‌ಗಳು, ಔಷಧಿಗಳ ಪಟ್ಟಿ. ಪಟ್ಟಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ಯಾವ ಹೊತ್ತಿಗೆ, ಯಾವ ಡಾಕ್ಟರು ಕೊಟ್ಟದ್ದು ಅಂತ ಬರೆದೆ. ಊರಿಂದ ತರಿಸಿಕೊಂಡು ಬೆಳಿಗ್ಗೆ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದ ಚೂರ್ಣವನ್ನೂ ಸೇರಿಸಿದೆ. ಫಾರ್ಮಿನಲ್ಲಿ ಗಿಡಮೂಲಿಕೆ, ಚೀಟಿ ಇಲ್ಲದ ಮಾತ್ರೆ ಎಲ್ಲವನ್ನೂ ಕೇಳುತ್ತಾರೆ.

ಇನ್ನೊಂದು ಚೀಟಿಯನ್ನು ನಾನು ಡಾಕ್ಟರಿಂದ ಬೇಕಂತಲೇ ಬರೆಸಿದ್ದೆ. ಎಂಪಾಗ್ಲಿಫ್ಲೋಜಿನ್ ಮಾತ್ರೆ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತದೆ. ಅದರ ಕೆಲಸವೇ ಅದು. ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ತುಂಬಾ ಸಕ್ಕರೆ ಕಾಣುತ್ತದೆ. ಈ ಪರೀಕ್ಷೆಯಲ್ಲಿ ಮೂತ್ರದ ಸಾಂದ್ರತೆ, ಪ್ರೋಟೀನ್, ರಕ್ತ, ಸಕ್ಕರೆ ನೋಡುತ್ತಾರೆ. ವಿವರಣೆ ಇಲ್ಲದೆ ಹೋದರೆ ಸುಮ್ನೆ ಗಾಬರಿ. ಭಾವ ಇದನ್ನು ಡ್ರಗ್ ಟೆಸ್ಟ್ ಅಂದುಕೊಂಡಿದ್ದರು. ಅದು ಬೇರೆ, ಕೆಲಸ ಕೊಟ್ಟವರು ಬೇರೆಯಾಗಿ ಮಾಡಿಸುವುದು.

ಬೆಳಿಗ್ಗೆ ಕಾಫಿ ಬೇಡ ಅಂದೆ. ಮಾತ್ರೆಗಳನ್ನು ಮಾತ್ರ ಎಂದಿನಂತೆ ತೆಗೆದುಕೊಳ್ಳಬೇಕು, ತಿಂಡಿಯನ್ನೂ ಬಿಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಿ ಸಕ್ಕರೆ ಇಳಿದುಬಿಟ್ಟರೆ ಬೇರೆಯೇ ಕಥೆ ಆಗುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ ಇಟ್ಟುಕೊಂಡರು. ಲಾರಿಯಲ್ಲೂ ಈಗ ಅದು ಸದಾ ಇರುತ್ತದೆ. ಸಕ್ಕರೆ ತೀರಾ ಇಳಿದು ಇನ್ನೊಬ್ಬರ ಸಹಾಯ ಬೇಕಾಗುವಂತಾದರೆ, ಪ್ರಜ್ಞೆ ತಪ್ಪಿದರೆ, ಅವತ್ತಿಗೆ ಲಾರಿ ನಿಲ್ಲಿಸಬೇಕು. ಡಾಕ್ಟರು ನೋಡಿ ಸರಿಯಾಗಿದೆ ಅಂದ ಮೇಲೆಯೇ ಮತ್ತೆ ಓಡಿಸಬೇಕು. ಅದೂ ನಿಯಮವೇ.

ಒಳಗೆ ಮೊದಲ ಬಿಪಿ 144/86 ಬಂತು. ಮೆಟ್ಟಿಲು ಹತ್ತಿ ಬಂದ ತಕ್ಷಣ, ನರ್ಸ್ ಜೊತೆ ಮಾತಾಡುತ್ತಾ ಕೊಟ್ಟ ರೀಡಿಂಗ್. ಭಾವ ಕೇಳಿಕೊಂಡರು: "ಐದು ನಿಮಿಷ ಕೂತ ಮೇಲೆ ಇನ್ನೊಮ್ಮೆ ನೋಡ್ತೀರಾ? ದೊಡ್ಡ ಪಟ್ಟಿ ಇದ್ದರೆ ಹಾಕಿ." ಮೂತ್ರಕ್ಕೆ ಹೋಗಿ ಬಂದರು. ಕಾಲು ನೆಲಕ್ಕೆ ಊರಿ, ಬೆನ್ನು ಆನಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ಕೂತರು. 134/82.

ಕಿವಿ ಪರೀಕ್ಷೆ ಒಂದು ನಿಮಿಷ. ಐದು ಅಡಿ ದೂರದಿಂದ ಪಿಸುಮಾತಿನಲ್ಲಿ ಹೇಳಿದ್ದನ್ನು ತಿರುಗಿ ಹೇಳಬೇಕು. ಹೇಳಿದರು. ಮೂತ್ರದ ಪಟ್ಟಿಯಲ್ಲಿ ಸಕ್ಕರೆ ಗಾಢವಾಗಿ ಬಂತು. ಪರೀಕ್ಷಕರು ತಲೆ ಎತ್ತುವಷ್ಟರಲ್ಲಿ ಭಾವ ಫೈಲಿನಿಂದ ಚೀಟಿ ತೆಗೆದು ಕೊಟ್ಟರು. ಓದಿ, ಸರಿ ಅಂದರು. ಸಿಪ್ಯಾಪ್ ವರದಿ ನೋಡಿ, ಮೀಸೆಗೆ ಯಾವ ಮಾಸ್ಕ್ ಹಾಕಿದಿರಿ ಅಂತ ಕೇಳಿ ಬರೆದುಕೊಂಡರಂತೆ, ಬೇರೆ ಡ್ರೈವರ್‌ಗಳಿಗೆ ಹೇಳಲು.

12 ತಿಂಗಳಿಗೆ ಕಾರ್ಡ್ ಸಿಕ್ಕಿತು. 2026ರ ಅಕ್ಟೋಬರ್ 15ರವರೆಗೆ.

ಅದಾದ ಮೇಲೆ

ಕಾರ್ಡ್ ಕೈಗೆ ಬಂದರೆ ಮುಗಿಯಲಿಲ್ಲ. ಪರೀಕ್ಷಕರು ಫಲಿತಾಂಶವನ್ನು ಮಾರನೇ ದಿನ ಮುಗಿಯುವುದರೊಳಗೆ ಎಫ್‌ಎಂಸಿಎಸ್‌ಎಗೆ ಕಂಪ್ಯೂಟರ್ ಮೂಲಕ ಕಳಿಸಬೇಕು. 2025ರ ಜೂನ್ 23ರಿಂದ, ಅಲ್ಲಿಂದ ಅದು ಕಂಪ್ಯೂಟರ್ ಮೂಲಕವೇ ರಾಜ್ಯದ ಲೈಸೆನ್ಸ್ ಕಚೇರಿಗೆ ಹೋಗಬೇಕು. ಎಲ್ಲ ರಾಜ್ಯಗಳೂ ಇದಕ್ಕೆ ಒಂದೇ ದಿನ ಸಿದ್ಧವಾಗಲಿಲ್ಲ. ಕಚೇರಿಯ ದಾಖಲೆಯಲ್ಲಿ ಹೊಸ ತಾರೀಖು ಏರದೆ ಹೋದರೆ, ಪರೀಕ್ಷೆ ಪಾಸಾಗಿದ್ದರೂ ವಾಣಿಜ್ಯ ಲೈಸೆನ್ಸ್ ಕೆಳದರ್ಜೆಗೆ ಇಳಿದುಬಿಡಬಹುದು. ಹಾಗಾಗಿ ಕಾಗದದ ಪ್ರತಿ ಇಸಿದುಕೊಂಡು ಬಂದು, ನಾವೇ ಲೈಸೆನ್ಸ್ ಕಚೇರಿಗೆ ಕೊಟ್ಟೆವು. ಹೊಸ ತಾರೀಖು ದಾಖಲೆಯಲ್ಲಿ ಕಾಣಿಸುವ ತನಕ ಭಾವ ದಿನಾ ನೋಡುತ್ತಿದ್ದರು.

ಅಡುಗೆಮನೆಯ ಕ್ಯಾಲೆಂಡರ್ ತಂದಾಗ ಅಕ್ಕ ಮೊದಲು ಗುರುತು ಹಾಕಿದ್ದು ಹಬ್ಬಗಳನ್ನಲ್ಲ. 2026ರ ಆಗಸ್ಟ್ ಕೊನೆಗೆ ರಕ್ತ ಪರೀಕ್ಷೆ. ಸೆಪ್ಟೆಂಬರ್ ಎರಡನೇ ವಾರ ಡಾಕ್ಟರ ಸಹಿ. ಅದೇ ತಿಂಗಳ ಕೊನೆಗೆ ಪರೀಕ್ಷೆ, ಕಾರ್ಡಿಗೆ ಇನ್ನೂ ಎರಡು ವಾರ ಇರುವಾಗಲೇ. ಅವುಗಳ ಮೇಲೆ, ಪ್ರತಿ ತಿಂಗಳ 1ನೇ ತಾರೀಖಿನ ಚೌಕದಲ್ಲೂ ಕೆಂಪು ಪೆನ್ನಿನಲ್ಲಿ ಎರಡು ಪದ ಬರೆದಿದ್ದಾಳೆ: ಮೀಟರ್ ತಾರೀಖು.